ಕೊಡುವವರಿಲ್ಲದ ಕೋಟು

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ, ಬಟ್ಟೆ ಅದಲುಬದಲು ನಡೆಯುವ ಹಾಲ್‌ನ ಬಾಗಿಲ ಹಿಂದಿನ ಮೊಳೆಯಿಂದ ಗಿಣಿ ಒಂದು ಕಡುನೀಲಿ ಕೋಟನ್ನು ಇಳಿಸಿಕೊಂಡಳು. ಅದನ್ನು ಮುಟ್ಟಬೇಡವೆಂದು ಅವಳಿಗೆ ಮೊದಲೇ ಹೇಳಿದ್ದರು.

ಹೇಳಿದವರು ಹೆಡ್‌ಮಿಸ್ಟ್ರೆಸ್. ಹೆಣ್ಣುಮಕ್ಕಳ ಶಾಲೆಯಿಂದ ನಿವೃತ್ತರಾದ ಮೇಲೆ ಈ ಅದಲುಬದಲು ಮೇಳವನ್ನು ಶುರು ಮಾಡಿದವರು ಅವರೇ. ತಿಂಗಳ ಕೊನೆಯ ಶನಿವಾರ, ಭಾನುವಾರ ಬಡಾವಣೆಯ ಹೆಂಗಸರು ತಾವು ತೊಡದೆ ಬಿಟ್ಟ ಒಳ್ಳೆಯ ಬಟ್ಟೆಗಳನ್ನು ಒಗೆದು, ಇಸ್ತ್ರಿ ಮಾಡಿ ತರುತ್ತಿದ್ದರು. ಒಂದು ಕೊಟ್ಟು ಒಂದು ಒಯ್ಯುತ್ತಿದ್ದರು. ಹೊಸ ಬಟ್ಟೆಯ ಅಂಗಡಿ ಮೆಟ್ಟಿಲು ಹತ್ತದೆಯೇ ಹತ್ತು ಜನರ ನಡುವೆ ಎದ್ದು ಕಾಣುವ ಹಾಗೆ ಬರುವ ಹೆಂಗಸರು ಆ ಬಡಾವಣೆಯಲ್ಲಿ ಹೆಚ್ಚಾಗಿದ್ದರೆ ಅದಕ್ಕೆ ಈ ಹಾಲೇ ಕಾರಣ.

ಶುರುವಿನಲ್ಲಿ ಕೊಟ್ಟವರು ಮನಸ್ಸು ಬದಲಾಯಿಸಿ ವಾಪಸ್ ಕೇಳುವುದು, ಒಯ್ದವರು ಕೊಡೆನೆನ್ನುವುದು, ಜುಟ್ಟು ಜುಟ್ಟು ಹಿಡಿಯುವ ಮಟ್ಟದ ಜಗಳಗಳು ನಡೆದಿದ್ದವು. ಹೆಡ್‌ಮಿಸ್ಟ್ರೆಸ್ ಒಂದು ಪದ್ಧತಿ ತಂದರು. ಕೊಡುವವಳು ಒಂದು ತೋಳು ಹಿಡಿಯಬೇಕು, ತೆಗೆದುಕೊಳ್ಳುವವಳು ಇನ್ನೊಂದು ತೋಳು. ತೆಗೆದುಕೊಳ್ಳುವವಳು "ಇದು ಇನ್ನು ನನ್ನದು" ಎನ್ನಬೇಕು. ಕೊಡುವವಳು "ಇನ್ನು ನನ್ನದಲ್ಲ" ಎಂದು ಕೈ ಬಿಡಬೇಕು. ಆಮೇಲೆ ತಕರಾರಿಲ್ಲ. ಈ ಶನಿವಾರ ಗಿಣಿಯೂ ತನ್ನ ಹಳದಿ ಶರ್ಟನ್ನು ನರ್ಸೊಬ್ಬಳಿಗೆ ಹೀಗೆಯೇ ಕೊಟ್ಟಿದ್ದಳು. ಬದಲಿಗೆ ತೆಗೆದುಕೊಳ್ಳಲು ರಾಶಿಯನ್ನೆಲ್ಲ ತಡಕಿದ ಮೇಲೆ ಕಣ್ಣು ಬಾಗಿಲ ಹಿಂದಕ್ಕೆ ಹೋಗಿತ್ತು.

"ಅದು ಬೇಡಮ್ಮ," ಎಂದರು ಹೆಡ್‌ಮಿಸ್ಟ್ರೆಸ್. "ಅದನ್ನ ಕೊಡೋರು ಯಾರೂ ಇಲ್ಲ."

"ಕೊಡೋರಿಲ್ಲ ಅಂದ್ರೆ ವಾಪಸ್ ಕೇಳೋರೂ ಇರಲ್ಲ. ಇನ್ನೂ ಒಳ್ಳೇದಾಯ್ತಲ್ಲ ಮೇಡಂ."

"ಪೆಟ್ಟಿಗೇಲಿಟ್ಟು ಬೀಗ ಹಾಕಿದ್ವಿ. ಮುಂದಿನ ಸಲ ಬಾಗಿಲು ತೆಗೆದಾಗ ರಾಶಿ ಮೇಲೆ ಮಡಿಸಿಟ್ಟ ಹಾಗೆ ಕೂತಿತ್ತು. ಮೊಳೆಗೆ ಹಾಕಿದ್ರೆ ಸುಮ್ನಿರುತ್ತೆ. ಅದನ್ನ ತೊಟ್ಟೋಳು ಮತ್ತೆ ಇಲ್ಲಿಗೆ ಬರ್ಲಿಲ್ಲ. ಕೋಟು ಮಾತ್ರ ಬಂತು."

"ಇಷ್ಟು ಚೆಂದದ ಕೋಟು ಸಿಕ್ಕ ಮೇಲೆ ಮತ್ತೆ ಇಲ್ಲಿಗೆ ಯಾಕೆ ಬರ್ತಾಳೆ ಹೇಳಿ!"

ಹಳದಿ ಶರ್ಟು ಪಡೆದ ನರ್ಸ್ ಕಿಸಕ್ಕನೆ ನಕ್ಕಳು. ಉಳಿದವರು ನಗಲಿಲ್ಲ.

ಗಿಣಿಗೆ ಆ ಹೆಸರು ಇಟ್ಟವಳು ಅವಳ ಅಕ್ಕ. ಬಾಯಿ ಮುಚ್ಚದ ಹುಡುಗಿ ಎಂದು. ತಾಯಿ ತಂದೆ ಹೋದ ಮೇಲೆ ಅಕ್ಕನೇ ಸ್ಕೂಟರಿನಲ್ಲಿ ಮನೆ ಮನೆಗೆ ಪಾರ್ಸೆಲ್ ಹಂಚಿ ತಂಗಿಯನ್ನು ಓದಿಸಿದ್ದಳು. ಇಷ್ಟು ದಿನ ಜೆರಾಕ್ಸ್ ಅಂಗಡಿಯಲ್ಲಿ ಶಾಯಿ ಮೆತ್ತಿಕೊಂಡು ನಿಂತಿದ್ದ ಗಿಣಿಗೆ ಈಗ ದೊಡ್ಡ ಹೋಟೆಲೊಂದರ ರಿಸೆಪ್ಷನ್‌ನಲ್ಲಿ ಕೆಲಸ ಸಿಕ್ಕಿತ್ತು. ಸೋಮವಾರ ಹಾಜರಾಗಬೇಕು. "ನಮ್ಮ ಗಿರಾಕಿಗಳು ಮೊದಲು ನಿಮ್ಮ ಬಟ್ಟೆ ನೋಡ್ತಾರೆ, ಆಮೇಲೆ ಮುಖ," ಎಂದಿದ್ದರು ಮ್ಯಾನೇಜರು. ಸಂಬಳ ಕೈಗೆ ಬಂದರೆ ಅಕ್ಕ ಬಿಸಿಲು ಮಳೆಯೆನ್ನದೆ ಸುತ್ತುವುದನ್ನು ಅರ್ಧ ಮಾಡಬಹುದು. ಗಿಣಿಯ ಲೆಕ್ಕ ಅಷ್ಟೇ. ಆ ಲೆಕ್ಕಕ್ಕೆ ಕೋಟೊಂದು ಬೇಕಿತ್ತು.

ಅವಳು ಮೊಳೆಯ ಮುಂದೆ ನಿಂತು, ಕೋಟಿನ ಖಾಲಿ ತೋಳನ್ನು ಹಿಡಿದು ಕುಲುಕಿದಳು. "ಏನಮ್ಮ ತಾಯಿ, ಕೊಡ್ತೀಯಾ? ಇದು ಇನ್ನು ನನ್ನದು!"

ಎಲ್ಲೋ ಹತ್ತಿರದಲ್ಲೇ, ಕಿವಿಯ ಪಕ್ಕದಲ್ಲೇ, ಹೆಣ್ಣುದನಿಯೊಂದು ಮೆಲ್ಲಗೆ ಅಂದಿತು:

"ಇನ್ನು ನನ್ನದಲ್ಲ."

ಜತೆಗೊಂದು ಉದ್ದನೆಯ ನಿಟ್ಟುಸಿರು. ಆ ನರ್ಸೇ ಇರಬೇಕು, ತಮಾಷೆಗೆ ಹೇಳಿರಬೇಕು ಎಂದುಕೊಂಡಳು ಗಿಣಿ. ಕೋಟನ್ನು ಮಡಿಸಿ ಚೀಲಕ್ಕೆ ತುರುಕಿಕೊಂಡು ಹೊರಟಳು.

ಅಕ್ಕತಂಗಿಯರದು ಎರಡು ಕೋಣೆಯ ಬಾಡಿಗೆ ಮನೆ, ಮೊದಲ ಮಹಡಿ. ಮುಂದಿನದು ಅಡುಗೆಗೂ ಕೂರುವುದಕ್ಕೂ. ಹಿಂದಿನದು ಮಲಗುವುದಕ್ಕೆ, ಅಲ್ಲಿ ಮನೆಮಾಲೀಕರೇ ಬಿಟ್ಟುಹೋದ ಎರಡು ಬಾಗಿಲಿನ ಮರದ ಬೀರು. ಬೀರುವಿನ ಬಾಗಿಲಿಗೆ ಆಳೆತ್ತರದ ಕನ್ನಡಿ. ಗಿಣಿ ಕೋಟು ತೊಟ್ಟು ಅದರ ಮುಂದೆ ನಿಂತಳು.

ಅಳತೆ ತೆಗೆದು ಹೊಲಿದಂತಿತ್ತು. ಭುಜ ಸರಿ, ಸೊಂಟ ಸರಿ, ತೋಳು ಮಣಿಕಟ್ಟಿಗೆ ಬಂದು ನಿಂತಿತ್ತು. ವಾಸನೆಯೊಂದೇ ಕಸಿವಿಸಿ. ಬಹಳ ಕಾಲ ಮುಚ್ಚಿಟ್ಟ ಪೆಟ್ಟಿಗೆ ತೆರೆದಾಗ ಬರುವ ಮುಗ್ಗಲು. ಅದರಡಿಯಲ್ಲಿ ಮನುಷ್ಯರ ಉಸಿರಿನ ಬಿಸಿ ವಾಸನೆ. ಕಿಟಕಿ ತೆರೆಯದ ಕೋಣೆಯಲ್ಲಿ ಯಾರೋ ಬಹಳ ಹೊತ್ತು ಮಲಗಿ ಎದ್ದ ಹಾಗೆ.

ಕತ್ತಲಾಗುವ ಮೊದಲೇ ಅಕ್ಕ ಬಂದಳು. ಹೆಲ್ಮೆಟ್ ಇನ್ನೂ ಕೈಯಲ್ಲೇ ಇತ್ತು.

"ಅಬ್ಬಾ! ಯಾವ ಮಹಾರಾಣಿ ಇವಳು? ನಮ್ಮನೇಲಿ ಏನು ಕೆಲಸ?"

"ಸೋಮವಾರದಿಂದ ನನ್ನ ಅಪಾಯಿಂಟ್‌ಮೆಂಟ್ ತಗೊಂಡು ಮಾತಾಡ್ಸಬೇಕು ನೀನು."

"ಆಯ್ತು ಮೇಡಂ. ಮೊದಲು ಕೆಳಗಡೆ ಹೋಗಿ ಕಸ ಹಾಕಿ ಬನ್ನಿ ಮೇಡಂ."

ಗಿಣಿ ನಗುತ್ತಲೇ ಕಸದ ಬುಟ್ಟಿ ಎತ್ತಿಕೊಂಡು ಬಾಗಿಲಿಗೆ ಹೋದಳು. ಹೊಸ್ತಿಲ ಹತ್ತಿರ ಕಾಲು ನಿಂತಿತು. ಎಡವಿದ್ದಲ್ಲ, ನೋವೂ ಇಲ್ಲ. ಕಾಲೆತ್ತಬೇಕೆಂದು ಅವಳು ಅಂದುಕೊಂಡಳು, ಕಾಲು ಏಳಲಿಲ್ಲ. ಮುಂದಕ್ಕೆ ಬಾಗಿ ನೋಡಿದಳು. ಕೋಟಿನ ಹಿಂದಿನ ಅಂಚನ್ನು ಯಾರೋ ಒಳಗಿನಿಂದ ಮುಷ್ಟಿಯಲ್ಲಿ ಹಿಡಿದು ಜಗ್ಗಿದಂತಾಯಿತು. ತಿರುಗಿ ನೋಡಿದರೆ ಅಕ್ಕ ದೂರದಲ್ಲಿ, ಒಲೆಯ ಹತ್ತಿರ, ಬೆನ್ನು ಹಾಕಿ ನಿಂತಿದ್ದಳು.

"ಅಕ್ಕ, ಕಾಲು ಹಿಡ್ಕೊಂಡ್ಬಿಟ್ಟಿದೆ."

"ಕಸ ಅಂದ ತಕ್ಷಣ ನಿಂಗೆ ಕಾಲು ಹಿಡಿಯುತ್ತೆ. ಹುಟ್ಟಿದಾಗಿಂದ ನೋಡಿದೀನಿ."

ಕೋಟು ತೆಗೆಯೋಣವೆಂದು ಗಿಣಿ ಮೇಲಿನ ಗುಂಡಿ ಬಿಚ್ಚಿದಳು. ಎರಡನೆಯದು ಬಿಚ್ಚಿದಳು. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಮೇಲಿನದು ಕಾಜದೊಳಗೆ ಕೂತಿತ್ತು. ಮತ್ತೆ ಬಿಚ್ಚಿದಳು. ಮತ್ತೆ ಕೂತಿತು. ಅಕ್ಕ ಬಂದಳು. ಮೊದಲು ನಕ್ಕಳು, ಆಮೇಲೆ ಬೈದಳು, ಆಮೇಲೆ ಇಬ್ಬರ ನಾಲ್ಕು ಕೈಗಳೂ ಗುಂಡಿಗಳ ಮೇಲೆ ಓಡಾಡಿದವು. ಕೊನೆಗೆ ಅಕ್ಕ ಕತ್ತರಿ ತಂದಳು.

"ಹೋಗ್ಲಿ ಬಿಡು, ಬಿಟ್ಟಿ ಬಂದ ಕೋಟು ತಾನೆ," ಎಂದು ಕೆಳಗಿನ ಅಂಚಿಗೆ ಕತ್ತರಿ ಹಾಕಿದಳು.

ಗಿಣಿ ಚೀರಿದಳು. ಕತ್ತರಿ ಮೈಗೆ ತಾಗಿರಲಿಲ್ಲ. ನೋವು ಎದ್ದದ್ದು ನೆತ್ತಿಯಲ್ಲಿ, ಯಾರೋ ಕೂದಲನ್ನು ಬೇರುಸಮೇತ ಕಿತ್ತಂತೆ. ಕತ್ತರಿಸಿದ ಸೀಳಿನಿಂದ ಒಂದಿಷ್ಟು ಮಣ್ಣು ಉದುರಿತು. ಅದರ ಹಿಂದೆ ಕೂದಲು. ಅಕ್ಕ ಎಳೆದಳು. ಎಳೆದಷ್ಟೂ ಬಂತು. ಉದ್ದನೆಯ ಕಪ್ಪು ಕೂದಲು, ತುದಿಯಲ್ಲಿ ಮಾತ್ರ ಕಂದು.

ಕಳೆದ ತಿಂಗಳು ಗಿಣಿ ತನ್ನ ಕೂದಲಿನ ತುದಿಗೆ ಹಚ್ಚಿಸಿಕೊಂಡ ಬಣ್ಣ ಅದು. ಆ ಅಂಚನ್ನು ಹೊಲಿದು ಎಷ್ಟು ವರ್ಷವಾಗಿತ್ತೋ.

"ಎಲ್ಲಿಂದ ತಂದ್ಯೇ ಇದನ್ನ?" ಅಕ್ಕನ ದನಿ ಇಳಿದುಹೋಗಿತ್ತು.

ಗಿಣಿ ಹೇಳಿದಳು. ಮೊಳೆಯ ಮಾತು, ಹೆಡ್‌ಮಿಸ್ಟ್ರೆಸ್ ಮಾತು, ತಾನಾಡಿದ ಮಾತು, ಎಲ್ಲವನ್ನೂ. ಕೊನೆಗೆ ಆ ನರ್ಸಿನ ಮಾತಿಗೆ ಬಂದಾಗ ಅವಳಿಗೆ ನೆನಪಾಯಿತು. ನರ್ಸ್ ನಿಂತಿದ್ದು ಹಾಲ್‌ನ ಆ ತುದಿಯಲ್ಲಿ, ಕಿಟಕಿಯ ಹತ್ತಿರ. ಈ ತುದಿಯಲ್ಲಿ, ಬಾಗಿಲ ಹಿಂದೆ, ಅವಳ ಪಕ್ಕದಲ್ಲಿ ಯಾರೂ ಇರಲಿಲ್ಲ.

ಭಾನುವಾರ ಬೆಳಗ್ಗೆ ಗಿಣಿಗೆ ಎಚ್ಚರವಾದದ್ದು ನಿಂತಲ್ಲೇ. ಹಾಸಿಗೆ ಖಾಲಿಯಿತ್ತು. ಅವಳು ಬೀರುವಿನ ಕನ್ನಡಿಗೆ ಮೂಗು ತಾಗಿಸಿಕೊಂಡು ನಿಂತಿದ್ದಳು. ಅವಳ ಉಸಿರಿಗೆ ಕನ್ನಡಿ ಮಬ್ಬಾಗಿತ್ತು. ಮುಂದಿನ ಕೋಣೆಗೆ ಹೋಗಲು ನೋಡಿದಳು. ಈಗ ಆ ಹೊಸ್ತಿಲೂ ದಾಟಲಾಗಲಿಲ್ಲ.

"ಅಕ್ಕ, ಮನೆ ಚಿಕ್ಕದಾಗ್ತಿದೆ ಕಣೇ," ಎಂದಳು.

ಅಕ್ಕ ಚಪ್ಪಲಿ ಮೆಟ್ಟದೆ ಓಡಿದಳು.

ಹೆಡ್‌ಮಿಸ್ಟ್ರೆಸ್ ಬಂದರು. ಮನೆಯೊಳಗೆ ಕಾಲಿಡಲಿಲ್ಲ. ಮೆಟ್ಟಿಲ ಮೇಲೆಯೇ ನಿಂತು, ತೆರೆದ ಎರಡು ಬಾಗಿಲುಗಳ ಮೂಲಕ ಹಿಂದಿನ ಕೋಣೆಯಲ್ಲಿದ್ದ ಗಿಣಿಯನ್ನು ನೋಡಿದರು.

"ಅದನ್ನ ಹೊಲಿಸಿದ್ದು ಒಬ್ಬಳು ಅತ್ತೆ," ಎಂದರು. "ಸೊಸೆ ಮನೆ ಬಿಟ್ಟು ಹೋಗ್ತಾಳೆ ಅಂತ ಭಯ. ಮಾಟ ಮಾಡೋನ ಹತ್ರ ಹೋಗಿ, ಸೊಸೆ ಕೂದಲು, ಹೊಸ್ತಿಲ ಮಣ್ಣು ಅಂಚಲ್ಲಿ ಸೇರಿಸಿ ಹೊಲಿಸಿದ್ಲು. ಹೊಸ ಕೋಟು ಅಂತ ಆ ಹುಡುಗಿ ಖುಷಿಯಿಂದ ತೊಟ್ಟಳು. ಮನೆ ಬಿಡ್ಲಿಲ್ಲ. ಆಮೇಲೆ ಕೋಣೆ ಬಿಡ್ಲಿಲ್ಲ."

"ಆಮೇಲೆ?" ಎಂದಳು ಅಕ್ಕ.

"ಆಮೇಲೆ ಬೀರು ಬಿಡ್ಲಿಲ್ಲ. ಒಳಗಡೆ ಮರದ ಮೇಲೆಲ್ಲ ಉಗುರಿನ ಗೀರಿತ್ತಂತೆ." ಅವರು ಕನ್ನಡಕ ತೆಗೆದರು. "ನನ್ನ ಶಾಲೇಲಿ ಓದಿದ ಹುಡುಗಿ, ಆಮೇಲೆ ಹಾಲಿಗೂ ಬರ್ತಿದ್ಲು. ಕೊನೇ ಬೆಂಚು. ಬೆಲ್ ಹೊಡೆಯೋಕೆ ಮುಂಚೆ ಹೊರಗಡೆ ಇರ್ತಿದ್ಲು."

ಗಿಣಿ ಒಳಗಿನಿಂದಲೇ ಹೇಳಿದಳು: "ಮೇಡಂ, ನಿನ್ನೆ ನಂಗೊಂದು ದನಿ ಕೇಳಿಸ್ತು. ‘ಇನ್ನು ನನ್ನದಲ್ಲ’ ಅಂತ."

"ಹೇಗಿತ್ತು?"

"ಹಗುರವಾಗಿತ್ತು. ಹೊತ್ತ ಮೂಟೆ ಇಳಿಸಿದ ಹಾಗೆ."

ಹೆಡ್‌ಮಿಸ್ಟ್ರೆಸ್ ಕನ್ನಡಕ ಮತ್ತೆ ಹಾಕಿಕೊಂಡರು. "ಹಾಗಾದ್ರೆ ಅವಳು ಬಿಡಿಸ್ಕೊಂಡು ಹೋದಳು," ಎಂದರು. "ಮಾತಲ್ಲಿ ಕಟ್ಟಿದ್ದು ಮಾತಲ್ಲೇ ಬಿಚ್ಚುತ್ತೆ. ನೀನೂ ಬಿಡಬಹುದು. ಆದರೆ ಸುಮ್ಮನೆ ಬಿಡೋಕಾಗಲ್ಲಮ್ಮ. ತಗೊಳ್ಳೋರು ಒಬ್ರು ಬೇಕು."

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕೆಳಗೆ ಬೀದಿಯಲ್ಲಿ ಯಾರೋ ಗಾಡಿಯ ಹಾರ್ನ್ ಒತ್ತಿದರು.

ಆಗ ಹಿಂದಿನ ಕೋಣೆಯಲ್ಲಿ ಬೀರುವಿನ ಬಾಗಿಲು ತಾನಾಗಿ ತೆರೆಯಿತು. ಕೀಲು ಕಿರುಗುಟ್ಟಲೂ ಇಲ್ಲ. ಗಿಣಿಯ ಬಲಗಾಲು ಹಿಂದಕ್ಕೆ ಹೋಯಿತು. ಅವಳು ಮಂಚದ ಕಾಲು ಹಿಡಿದಳು. ಕೋಟು ಎಳೆಯಿತು. ಮಂಚ ನೆಲ ಕೆರೆಯುತ್ತ ಅವಳ ಹಿಂದೆಯೇ ಸರಿಯಿತು. "ಅಕ್ಕಾ!" ಎಂದಳು. ಅಕ್ಕ ಓಡಿಬಂದು ಕೈ ಹಿಡಿಯುವಷ್ಟರಲ್ಲಿ ಮಂಚ ಕೈತಪ್ಪಿತ್ತು. ಗಿಣಿಯ ಬೆನ್ನು ಬೀರುವಿನ ಹಿಂಬದಿಗೆ ಬಡಿಯಿತು. ಬಾಗಿಲುಗಳು ಮುಚ್ಚಿಕೊಂಡವು.

ಕತ್ತಲೆ. ಮುಗ್ಗಲು. ತೂಗುಹಾಕಿದ್ದ ಬಟ್ಟೆಗಳೆಲ್ಲ ಮುಖಕ್ಕೆ ಒತ್ತಿದವು. ಅಕ್ಕನ ಹಳೆಯ ಸ್ವೆಟರು, ಮಳೆಕೋಟು, ತಾಯಿಯದೆಂದು ಇಟ್ಟುಕೊಂಡಿದ್ದ ಒಂದು ಶಾಲು. ಗಿಣಿ ಅವನ್ನು ತಳ್ಳಿದಳು. ಅವು ಮತ್ತೆ ಬಂದವು. ಮರದ ಹಲಗೆ ಭುಜಕ್ಕೆ ತಾಗಿತು. ಮೊದಲು ತಾಗಿರಲಿಲ್ಲ. ಈಗ ತಾಗಿತು. ಆಮೇಲೆ ಒತ್ತಿತು. ಬೀರು ಕಿರಿದಾಗುತ್ತಿತ್ತು. ಕಾಲರು ಕತ್ತು ಬಿಗಿಯಿತು. ಉಸಿರು ಅರ್ಧಕ್ಕೆ ನಿಂತಿತು. ಅವಳು ಗೀರಿದಳು. ಉಗುರು ಮರಕ್ಕೆ ತಾಗಿತು. ಕೋಟಿನ ಅಸ್ತರಿನೊಳಗಿನಿಂದಲೂ ಅದೇ ಸದ್ದು ಬಂತು. ಕರ್. ಕರ್. ಕರ್.

"ಗಿಣಿ! ಕೈ ಕೊಡು!"

ಬಾಗಿಲುಗಳ ನಡುವೆ ಬೆರಳಷ್ಟು ಬೆಳಕು. ಅಕ್ಕ ಕತ್ತರಿಯನ್ನು ಮೀಟುಗೋಲು ಮಾಡಿದ್ದಳು. ಅವಳ ಬೆರಳುಗಳು ಸೀಳಿನೊಳಗೆ ಬಂದವು, ತಡಕಾಡಿದವು, ಕೋಟಿನ ತೋಳಿನ ತುದಿ ಹಿಡಿದವು. ಗಿಣಿಗೆ ಅರ್ಥವಾಯಿತು.

"ಬೇಡ ಅಕ್ಕ. ಬಿಡು."

"ಸುಮ್ನಿರೇ. ನಾನೇನು ತೊಡ್ತೀನಾ? ಕೈಲಿ ತಗೊಂಡು ಹೋಗಿ ಆ ಮೊಳೆಗೆ ಹಾಕಿ ಬರ್ತೀನಿ. ಪಾರ್ಸೆಲ್ ಅಷ್ಟೇ. ದಿನಾ ಇದೇ ತಾನೇ ಮಾಡೋದು? ಬೇರೆಯವರದ್ದನ್ನ ತಗೊಂಡು ಹೋಗಿ ತಲುಪಿಸೋದು." ಅಕ್ಕ ತೋಳಿನ ಹಿಡಿತ ಬಿಗಿ ಮಾಡಿದಳು. "ಇದು ಇನ್ನು ನನ್ನದು. ಹ್ಞೂಂ, ಹೇಳು."

ಮೆಟ್ಟಿಲ ಮೇಲಿನಿಂದ ಹೆಡ್‌ಮಿಸ್ಟ್ರೆಸ್ ಏನೋ ಕೂಗಿದರು. ಕೇಳಿಸಲಿಲ್ಲ.

ಗಿಣಿ ಬಾಯಿ ಬಿಗಿಹಿಡಿದಳು. ಹುಟ್ಟಿದಾಗಿನಿಂದ ಮುಚ್ಚದ ಬಾಯಿ. ಈಗ ಮುಚ್ಚಿಟ್ಟರೆ ಸಾಕು. ಮಾಡಬೇಕಾದದ್ದು ಅಷ್ಟೇ, ಸುಮ್ಮನಿರುವುದು. ಹಲಗೆ ಒತ್ತಿತು. ಪಕ್ಕೆಲುಬು ಲಟಕ್ಕೆಂದಿತು. ಕಣ್ಣ ಮುಂದೆ ಕೆಂಪು. ಅಕ್ಕನ ಬೆರಳು ತೋಳನ್ನು ಬಿಡಲಿಲ್ಲ. ಅಕ್ಕ ಮನೆಯಲ್ಲಿ ನಿಲ್ಲುವವಳಲ್ಲ. ಜ್ವರ ಬಂದರೂ ಸ್ಕೂಟರ್ ಹತ್ತುವವಳು. ನಾಲ್ಕು ಗೋಡೆ ಕಂಡರೆ ತಲೆನೋವು ಅನ್ನುವವಳು. ಹೇಳಬಾರದು. ಉಸಿರಿಲ್ಲ. ಹೇಳಬಾರದು. ಉಸಿರು. ಉಸಿರು.

"ಇನ್ನು ನನ್ನದಲ್ಲ," ಎಂದಳು ಗಿಣಿ.

ಬಾಗಿಲುಗಳೆರಡೂ ಧಡಾರನೆ ತೆರೆದುಕೊಂಡವು. ಗಿಣಿ ನೆಲಕ್ಕೆ ಬಿದ್ದಳು. ಮೈಮೇಲೆ ಬರಿಯ ಮನೆಬಟ್ಟೆ. ಗಾಳಿ ಎದೆಯೊಳಗೆ ನುಗ್ಗಿ ನೋಯಿಸಿತು. ಅವಳು ಕೆಮ್ಮಿದಳು, ಅತ್ತಳು, ಮತ್ತೆ ಕೆಮ್ಮಿದಳು.

"ನೋಡಿದ್ಯಾ? ಹೇಳ್ಲಿಲ್ವಾ?" ಅಕ್ಕ ನಗುತ್ತಿದ್ದಳು. ಕಣ್ಣಲ್ಲಿ ನೀರಿತ್ತು. "ತೊಟ್ಟೇ ಇಲ್ಲ ನಾನು. ಹೀಗೇ ಹಿಡ್ಕೊಂಡು ಹೋಗಿ…"

ಅವಳು ಮಾತು ನಿಲ್ಲಿಸಿದಳು. ತೋಳಿನ ಮೇಲೆ ಹಾಕಿಕೊಂಡಿದ್ದ ಕೋಟಿನೊಳಗೆ ಅವಳ ಎಡಗೈ ಇತ್ತು. ಯಾವಾಗ ಹೋಯಿತೆಂದು ಇಬ್ಬರಿಗೂ ತಿಳಿಯಲಿಲ್ಲ. ನೋಡುತ್ತಿದ್ದಂತೆ ಬಲಗೈಯೂ ಹೋಯಿತು. ಗುಂಡಿಗಳು ಮೇಲಿನಿಂದ ಒಂದೊಂದಾಗಿ ಕೂತವು. ಗಿಣಿಗಿಂತ ಗೇಣುದ್ದ ಎತ್ತರದ ಅಕ್ಕನಿಗೂ ಅದು ಅಳತೆ ತೆಗೆದು ಹೊಲಿದಂತೆಯೇ ಇತ್ತು.

ಅಕ್ಕ ಮುಂಬಾಗಿಲಿಗೆ ಓಡಿದಳು. ಹೊಸ್ತಿಲ ಹತ್ತಿರ ನಿಂತಳು. ಅತ್ತ ಕಡೆ ಹೆಡ್‌ಮಿಸ್ಟ್ರೆಸ್ ಗೋಡೆಗೆ ಒರಗಿ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ಅಕ್ಕನ ಜೇಬಿನಲ್ಲಿ ಫೋನ್ ಹೊಡೆದುಕೊಳ್ಳುತ್ತಿತ್ತು. ಭಾನುವಾರದ ಪಾರ್ಸೆಲ್‌ಗಳು ಬಂದಿದ್ದವು.

"ಗಿಣಿ," ಎಂದಳು ಅಕ್ಕ, ತಿರುಗದೆ. "ಕಾಲು ಹಿಡ್ಕೊಂಡಿದೆ ಕಣೇ."

ನಂಗೇ ವಾಪಸ್ ಕೊಡು ಅನ್ನುವ ಮಾತು ಹಿಂದೆಯೇ ಬಂದು ನಿಂತ ಗಿಣಿಯ ಗಂಟಲವರೆಗೆ ಬಂತು. ತೋಳು ಹಿಡಿಯಲು ಕೈ ಮುಂದೆ ಚಾಚಿದಳು. ಹಿಂದಿನ ಕೋಣೆಯಲ್ಲಿ ಬೀರು ಬಾಯಿ ತೆರೆದುಕೊಂಡೇ ಇತ್ತು. ಕೈ ಹಿಂದಕ್ಕೆ ಬಂತು. ಮಾತು ಅಲ್ಲೇ ನಿಂತಿತು.

ಅಷ್ಟರಲ್ಲಿ ತಿರುಗಿದ ಅಕ್ಕ ಅದನ್ನು ನೋಡಿದಳು. ಫೋನನ್ನು ತೆಗೆದು ಅದರ ಬಾಯಿ ಮುಚ್ಚಿಸಿದಳು. "ಮುಖ ತೊಳ್ಕೋ," ಎಂದಳು. "ನಾಳೆ ಕೆಲಸಕ್ಕೆ ಹೋಗಬೇಕು ನೀನು."

ಗಿಣಿ ಮುಖ ತೊಳೆದಳು. ತಲೆ ಬಾಚಿದಳು. ಒಂದು ಒಳ್ಳೆಯ ಬಟ್ಟೆ ತೊಟ್ಟಳು. ಹೊರಗಿನಿಂದ ಬೀಗ ಹಾಕುವ ಅಗತ್ಯವಿರಲಿಲ್ಲ. ಹಾಕಲಿಲ್ಲ.

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಅವಳು ಅದಲುಬದಲು ಹಾಲ್‌ನ ಗೇಟಿನ ಹೊರಗೆ, ಒಳಗಿನವರ ಕಣ್ಣಿಗೆ ಬೀಳದ ಕಡೆ ನಿಂತಿದ್ದಳು. ಒಳಗೆ ಬಾಗಿಲ ಹಿಂದಿನ ಮೊಳೆ ಖಾಲಿಯಿತ್ತು. ಚೀಲದಲ್ಲಿ ಒಂದೇ ಒಂದು ಮಾಸಿದ ಸ್ವೆಟರು ಇಟ್ಟುಕೊಂಡು, ಒಳಗೆ ಹೋಗಲೋ ಬೇಡವೋ ಎಂದು ಅನುಮಾನಿಸುತ್ತ ಹುಡುಗಿಯೊಬ್ಬಳು ಬಂದಳು. ಇಂಥ ಕಡೆಗೆ ಇದೇ ಮೊದಲು ಎಂದಳು. ಬೇರೆಯವರ ಬಟ್ಟೆ ತೊಟ್ಟರೆ ಅವರ ಗ್ರಹಚಾರವೂ ಬರುತ್ತದೆ ಅಂತ ಅಮ್ಮ ಹೆದರಿಸುತ್ತಾಳೆ, ಎಂದು ನಕ್ಕಳು.

ಗಿಣಿಯೂ ನಕ್ಕಳು. ಮಾತು ಅವಳಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ.

"ಇಲ್ಲಿ ಒಳ್ಳೇದೆಲ್ಲ ಖಾಲಿಯಾಗಿದೆ ಕಣ್ರೀ," ಎಂದಳು. "ನಮ್ಮನೇಲಿ ಒಂದು ಕೋಟಿದೆ. ಕಡುನೀಲಿ. ನಿಮಗೆ ಅಳತೆ ತೆಗೆದು ಹೊಲಿದ ಹಾಗೆ ಕೂರುತ್ತೆ. ನಮ್ಮಕ್ಕ ಕೊಡ್ತಾಳೆ."

ಹುಡುಗಿ ಸ್ವೆಟರನ್ನು ಚೀಲದೊಳಗೆ ಸರಿಸಿಕೊಂಡು, ಮನೆ ಎಷ್ಟು ದೂರ ಎಂದು ಕೇಳಿದಳು.